ಮುದಕವ್ವನ ಮೊರ ಮತ್ತು ಭೋಗಿಯ ರೊಟ್ಟಿ

ನಮ್ಮ ಅತ್ತೆ ಮುದಕವ್ವ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಕಾಳನ್ನಂತೂ ಮೊದಲೇ ನಂಬುತ್ತಿರಲಿಲ್ಲ. ಜೋಳವಿರಲಿ, ಸಜ್ಜೆಯಿರಲಿ, ಚೀಲದ ಬಾಯಿ ಬಿಚ್ಚಿದೊಡನೆ ಕಳ್ಳನನ್ನು ಹಿಡಿದ ಫೌಜದಾರನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಳು. ಮೊದಲು ಮೂಸುವಳು. ಆಮೇಲೆ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವಳು. ನೆಲದೊಳಗಿನ ಹಗೇವಿನಿಂದ ತೆಗೆದ ಜೋಳವಾದರೆ, ಮಳೆಗಾಲದಲ್ಲಿ ಹಗೇವಿಗೆ ನೀರು ಇಳಿದಿತ್ತೋ ಇಲ್ಲವೋ ಎಂಬುದನ್ನು ವಾಸನೆಯಿಂದಲೇ ಹೇಳಿಬಿಡುವಳು. ಕಾಡಿಗೆ ರೋಗ ಹತ್ತಿದ ಕಾಳು, ಮುಗ್ಗಿದ ಕಾಳು, ಹುಳ ಕೊರೆದದ್ದು, ಇಲಿಯ ಹಿಕ್ಕೆ, ಹೊಲದ ಕಳೆಯ ಬೀಜ, ಕಲ್ಲಿನ ಹರಳು, ಇವುಗಳಲ್ಲಿ ಒಂದಾದರೂ ಅವಳ ಮೊರ ತಪ್ಪಿಸಿಕೊಂಡು ಒಲೆಯವರೆಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ನಮ್ಮದು ಬನಹಟ್ಟಿಯ ನೇಕಾರರ ಓಣಿ. ಓಣಿಯಲ್ಲಿ ಮದುವೆ ಗೊತ್ತಾಯಿತೆಂದರೆ ಜೋಳದ ಚೀಲಗಳು ಮೊದಲು ಬಂದು ಕೂರುತ್ತಿದ್ದದ್ದು ನಮ್ಮ ಕಟ್ಟೆಯ ಮೇಲೆ. ಅತ್ತೆ ಅದಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಮದುವೆಯ ದಿನ ಊಟಕ್ಕೆ ಕೂತವರ ನಡುವೆ ಸೆರಗು ಸರಿಮಾಡಿಕೊಳ್ಳುತ್ತ ಅಡ್ಡಾಡಿ, "ಹಲ್ಲಿಗೆ ಹರಳ ಹತ್ತಿತೇನ್ರಿ?" ಎಂದು ಒಬ್ಬೊಬ್ಬರನ್ನೇ ಕೇಳುವಳು. ಬಾಯಿತುಂಬ ರೊಟ್ಟಿ ಇಟ್ಟುಕೊಂಡವರು ಇಲ್ಲವೆಂದು ತಲೆ ಅಲ್ಲಾಡಿಸಬೇಕು. ಆಗ ಅವಳ ಮುಖ ನೋಡಬೇಕಿತ್ತು. ಮದುಮಗಳ ತಾಯಿಗೂ ಅಷ್ಟು ಹಿಗ್ಗು ಇರುತ್ತಿರಲಿಲ್ಲ.

ಇಂಥವಳ ಮನೆಗೆ ನಾನು, ಬಾಡಗಂಡಿಯ ಮುರಗೆಪ್ಪನ ಮಗಳು ಸಾವಿತ್ರೆವ್ವ, ಸೊಸೆಯಾಗಿ ಬಂದೆ. ಸಂಸ್ಥಾನಗಳು ಮುಗಿದು ನಾವೆಲ್ಲ ಮುಂಬೈ ರಾಜ್ಯದವರಾಗಿದ್ದ ಕಾಲ ಅದು. ಸಾವಿರದ ಒಂಬೈನೂರ ಐವತ್ನಾಲ್ಕರ ದೀಪಾವಳಿ ಮುಗಿದ ಮೇಲೆ ನನ್ನ ಮದುವೆಯಾಯಿತು. ನನ್ನ ತವರಿನವರು ಮಗ್ಗ ಬಿಟ್ಟು ಒಕ್ಕಲುತನ ಹಿಡಿದು ಎರಡು ತಲೆಮಾರಾಗಿತ್ತು. ಆ ವರ್ಷ ನನ್ನ ಮದುವೆಯ ಗಡಿಬಿಡಿಯಲ್ಲಿ ಹೊಲದ ಕಳೆ ತೆಗೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಸಜ್ಜೆಯ ರಾಶಿಯನ್ನೂ ಹೇಗೋ ಒಂದು ಮಾಡಿ ಮುಗಿಸಿದ್ದರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಬಂದ ಎರಡು ತಿಂಗಳಲ್ಲಿ ಅತ್ತೆ ನನ್ನಲ್ಲಿ ಹುಡುಕಿದ ಕಸಕ್ಕೆ ಲೆಕ್ಕವಿಲ್ಲ. ನಾನು ಸಾರಿಸಿದ ನೆಲ ಪಟ್ಟೆಪಟ್ಟೆ. ನಾನು ಹಚ್ಚಿದ ಒಲೆ ಬರೀ ಹೊಗೆ. ನಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಬಾಯಲ್ಲಿ ಏನೂ ಹೇಳದೆ ಬುಟ್ಟಿಗೆ ಹಾಕುವಳು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಆ ಮೌನಕ್ಕೆ ನಾನು ಒಳಗೊಳಗೇ ಕುದಿಯುತ್ತಿದ್ದೆ.

ಸಂಕ್ರಾಂತಿಗೆ ನಾಲ್ಕು ದಿನ ಮೊದಲು ತವರಿಗೆ ಹೋಗಿ ಬಂದೆ. ಬರುವಾಗ ಮೋಟಾರು ಬಸ್ಸಿನ ಟಪ್ಪಿನ ಮೇಲೆ ಒಂದು ಚೀಲ ಸಜ್ಜೆ ಹಾಕಿಸಿ ಕಳಿಸಿದರು. ಸಂಕ್ರಾಂತಿಯ ಹಿಂದಿನ ದಿನ ಭೋಗಿ, ಭೋಗಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಆಗಲೇಬೇಕು. ಚೀಲ ತುಂಬುವಾಗ ನಮ್ಮವ್ವ ಇಂದ್ರವ್ವ ಮೊರ ಮುಟ್ಟಲೂ ಇಲ್ಲ.

"ನಾ ಎಷ್ಟ ಹಸನ ಮಾಡಿದ್ರೂ ನಿಮ್ಮತ್ತಿ ಮತ್ತೊಮ್ಮೆ ಮೊರಕ್ಕ ಹಾಕಾಕಿನ. ಇಬ್ಬರ ನಡಾ ಯಾಕ ನೋಯಿಸೋದು?" ಎಂದಳು.

ಅದು ನನಗೂ ಸರಿಯೆನಿಸಿತು. ಆದರೆ ಬನಹಟ್ಟಿಗೆ ಬಂದು ಚೀಲ ಇಳಿಸಿದಾಗ ಅತ್ತೆ ಗೂಟಕ್ಕೆ ನೇತುಹಾಕಿದ ಮೊರವನ್ನು ಆಗಲೇ ಕೈಗೆ ತೆಗೆದುಕೊಂಡಿದ್ದಳು.

"ಇದನ್ನ ಹಸನ ಮಾಡಿ ಕಳಿಸ್ಯಾರೇನ?"

ಪಕ್ಕದ ಮನೆಯ ಗುರುಬಾಯಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಆ ಬಾಯಿಗೆ ಒಂದು ಮಾತು ಬಿದ್ದರೆ ಸಂಜೆಯೊಳಗೆ ರಬಕವಿ ಮುಟ್ಟುತ್ತಿತ್ತು. ನಮ್ಮವ್ವನ ಕಾಳಿನ ಕಸ ಓಣಿಯ ಮುಂದೆ ಬೀಳುವುದು ನನಗೆ ಬೇಡವಾಗಿತ್ತು.

"ಹೂನ್ರಿ ಅತ್ತಿ. ನಮ್ಮವ್ವ ಮೂರ ಸಲ ಕೇರಿ ಕಳಿಸ್ಯಾಳ್ರಿ" ಎಂದೆ.

ಅತ್ತೆಯ ಬೆರಳುಗಳು ಮೊರದ ಅಂಚಿನ ಮೇಲೆ ಒಮ್ಮೆ ಆಡಿದವು. ಬೀಗರು ಹಸನ ಮಾಡಿ ಕಳಿಸಿದ ಕಾಳಿಗೆ ಮತ್ತೆ ಮೊರ ಹಿಡಿಯುವುದೆಂದರೆ ಬೀಗತಿಗೆ ಮನೆಗೆಲಸ ಬರುವುದಿಲ್ಲವೆಂದು ಡಂಗುರ ಸಾರಿದ ಹಾಗೆ. ನಮ್ಮ ಕಡೆ ಯಾವ ಹೆಂಗಸೂ ಆ ಕೆಲಸ ಮಾಡುವುದಿಲ್ಲ. ಅತ್ತೆಗೆ ಜೀವ ಹೋದಷ್ಟು ಕಷ್ಟವಾಗಿರಬೇಕು, ಆದರೂ ಮೊರವನ್ನು ಗೂಟಕ್ಕೆ ಹಾಕಿದಳು. ಅರ್ಧ ಚೀಲ ಸಜ್ಜೆ ನೇರ ಹಿಟ್ಟಿನ ಗಿರಣಿಗೆ ಹೋಯಿತು. ಆ ಮನೆಯಲ್ಲಿ ಮೊರ ಕಾಣದೆ ಹಿಟ್ಟಾದ ಕಾಳು ಅದೊಂದೇ.

ಭೋಗಿಯ ದಿನ ಬೆಳಗಿನಿಂದ ನಾನು ರೊಟ್ಟಿ ಬಡಿದೆ. ಬಡಿದೆ, ಬಡಿದೆ, ಕೈ ಕೆಂಪಾಗುವವರೆಗೆ ಬಡಿದೆ. ಮೇಲೆ ಒತ್ತಾಗಿ ಎಳ್ಳು ಹಚ್ಚಿದೆ. ಎಣ್ಣೆಗಾಯಿ, ಬೆಣ್ಣೆ, ಶೇಂಗಾ ಚಟ್ನಿ ಎಲ್ಲ ಸಿದ್ಧವಾಯಿತು. ಓಣಿಯಲ್ಲಿ ಮನೆಮನೆಗೆ ರೊಟ್ಟಿ ಹಂಚುವ ರೂಢಿ, ಹಾಗಾಗಿ ಏಳು ಮನೆಗೆ ಕೊಟ್ಟು ಬಂದೆ. ಮಾವ ಗಿರಿಮಲ್ಲಪ್ಪ ನಾಲ್ಕು ತಿಂದರು, ನನ್ನ ಗಂಡ ಚನಮಲ್ಲಪ್ಪ ಐದು ತಿಂದ, ಅತ್ತೆ ಎರಡು ತಿಂದಳು. ಎಲ್ಲರ ಊಟವಾದ ಮೇಲೆ ನನ್ನ ಸರದಿ. ತಾಟು ಹಾಕಿಕೊಂಡು ಕೂರುವಷ್ಟರಲ್ಲಿ ಅಂಗಳದಿಂದ ಮಾವನ ಕೂಗು ಕೇಳಿಸಿತು.

ನಮ್ಮ ಮಾವ ನಕ್ಕದ್ದನ್ನು ಕಂಡವರು ಓಣಿಯಲ್ಲಿ ಇರಲಿಲ್ಲ. ನಾನು ಎದುರು ಬಂದರೆ ಕೆಮ್ಮಿ ಗೋಡೆ ನೋಡುವ ಮನುಷ್ಯ. ಅಂಥವರು ಧೋತರವನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದು, ಒಣ ಅಂಗಳದಲ್ಲಿ ಒಂದೊಂದೇ ಹೆಜ್ಜೆ ತಡವಿ ಇಡುತ್ತ ದಾಟುತ್ತಿದ್ದರು.

"ನೀರ ಬಂದೈತಿ! ಹುಷಾರಿ! ಹೆಣಮಕ್ಕಳು ನನ್ನ ಕೈ ಹಿಡೀರಿ!"

ಅಂಗಳದಲ್ಲಿ ಒಂದು ತಂಬಿಗೆ ನೀರೂ ಇರಲಿಲ್ಲ. ದಂಡೆ ಸೇರಿದ ಮೇಲೆ ಮಾವ ಧೋತರ ಹಿಂಡಿದರು, ನನ್ನ ಕಡೆ ತಿರುಗಿ ಹಲ್ಲು ತೋರಿಸಿ ಗಹಗಹಿಸಿ ನಕ್ಕರು. ನಾನು ಹೆದರಿ ಮಗ್ಗದ ಕೋಣೆಗೆ ಓಡಿದೆ. ಅಲ್ಲಿ ನನ್ನ ಗಂಡ ಮಗ್ಗದಿಂದ ಮೂರು ಮೊಳ ದೂರ ನಿಂತು, ಗಾಳಿಯಲ್ಲಿ ಎಳೆ ಹಿಡಿದು ಗಂಟು ಹಾಕುತ್ತಿದ್ದ. ಹೆಬ್ಬೆರಳು, ತೋರುಬೆರಳು, ನಾಲಗೆಯ ತುದಿ, ಎಲ್ಲ ದಿನದ ಹಾಗೇ. ಎಳೆ ಮಾತ್ರ ಇಲ್ಲ.

"ಎಲ್ಲಾ ಹರದಾವ. ಸಾವಿತ್ರಿ, ಆ ಕಡಿ ತುದಿ ಹಿಡಿ" ಎಂದ.

ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ಅವನು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಏನು ಮಾಡಲಿ? ಹಿಡಿದೆ. ಇಲ್ಲದ ಎಳೆಯ ತುದಿ ಹಿಡಿದು ನಿಂತೆ. "ಜಗ್ಗಬ್ಯಾಡ" ಎಂದು ಗದರಿಸಿದ, ಸಡಿಲ ಬಿಟ್ಟೆ. ನಗು ಉಕ್ಕಿ ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

ಓಣಿಯೆಲ್ಲ ಹೀಗೇ ಆಗಿತ್ತು. ಗುರುಬಾಯಿ ಬೋಳು ನೆಲದಿಂದ ಕಡಲೆ ಆರಿಸಿ ಸೆರಗಿಗೆ ತುಂಬಿಕೊಳ್ಳುತ್ತಿದ್ದಳು, ತುಂಬಿದ ಸೆರಗನ್ನು ಹೊರಲಾರದೆ ಏದುಸಿರು ಬಿಡುತ್ತಿದ್ದಳು. ಎದುರು ಮನೆಯ ಅಜ್ಜ ಕಂಬಕ್ಕೆ ಕೈಮುಗಿದು ಕ್ಷೇಮ ಸಮಾಚಾರ ಕೇಳುತ್ತಿದ್ದ. ಎಲ್ಲರ ಮುಖ ಕೆಂಪು, ಬಾಯಿ ಒಣಗಿ ಮಾತು ತೊದಲು, ಕಣ್ಣಿನ ಕರಿಗುಡ್ಡೆ ಇಷ್ಟಗಲ. ರೊಟ್ಟಿ ಹೋಗದ ಮನೆಗಳವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಯಾರಿಗೂ ಹತ್ತಿರ ಬರಲು ಧೈರ್ಯವಿಲ್ಲ. ನಾನು ಹಿತ್ತಲಿನ ಬಾವಿಯ ಕಡೆಯ ಬಾಗಿಲಿಗೆ ಅಗುಳಿ ಹಾಕಿ, ಅವರಲ್ಲಿ ಒಬ್ಬನನ್ನು ರಬಕವಿಯ ವೈದ್ಯ ಕೃಷ್ಣಾಜಿಪಂತರ ಕಡೆಗೆ ಓಡಿಸಿ, ಅತ್ತೆಯ ಹತ್ತಿರ ಬಂದೆ.

ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಪಕ್ಕದಲ್ಲಿ ನೆಲ ತಟ್ಟಿದಳು.

"ಕುಂಡ್ರ ಬಾ ತಂಗಿ. ಎಷ್ಟ ಛಂದ ಅದೀ! ಯಾರ ಮನಿ ಹೆಣಮಗಳು ನೀ?"

ಹೋಗಿ ಪಕ್ಕದಲ್ಲಿ ಕೂತೆ. ಅವಳು ನನ್ನ ಕಿವಿಗೆ ಬಾಗಿದಳು.

"ನಮ್ಮ ಮನಿಗೂ ಒಬ್ಬಾಕಿ ಸೊಸಿ ಬಂದಾಳ, ಬಾಡಗಂಡಿಯಾಕಿ. ರೊಟ್ಟಿ ಎಷ್ಟ ಛಲೋ ಬಡೀತಾಳಂತಿ! ಬೆಳಕಿಗೆ ಹಿಡಿದು ನೋಡಿದ್ರ ಒಂದ ಕಡಿ ದಪ್ಪ ಇಲ್ಲ, ಒಂದ ಕಡಿ ತೆಳು ಇಲ್ಲ. ಆಕಿಗೆ ಮಾತ್ರ ಹೇಳಬ್ಯಾಡ ಮತ್ತ. ಹೇಳಿದ್ರ ತಲಿಮ್ಯಾಲ ಕುಂಡ್ರತಾಳ."

"ಹೇಳೂದಿಲ್ರಿ" ಎಂದೆ. ಓಣಿಗೆ ಓಣಿಯೇ ಹುಚ್ಚು ಹಿಡಿದು ಕುಣಿಯುತ್ತಿರುವಾಗ ನನಗೆ ಮಾತ್ರ ಖುಷಿಯಿಂದ ತಲೆ ತಿರುಗಿತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ನನ್ನ ಆಯುಷ್ಯದಲ್ಲಿ ಅಷ್ಟು ಸಂತೋಷದ ಗಳಿಗೆ ಹೆಚ್ಚಿಲ್ಲ.

ಪಂತರು ಬಂದು ಒಬ್ಬೊಬ್ಬರ ಕಣ್ಣರೆಪ್ಪೆ ಎತ್ತಿ ನೋಡಿದರು, ನಾಲಗೆ ನೋಡಿದರು. ವಾಂತಿ ಮಾಡಿಸಿದರು, ನೀರು ಮಜ್ಜಿಗೆ ಕುಡಿಸಿದರು, ಯಾರನ್ನೂ ಒಬ್ಬರನ್ನೇ ಬಿಡಬೇಡಿ ಎಂದರು. ಮರುದಿನ ಸಂಕ್ರಾಂತಿ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ನೆಲಕ್ಕೆ ಇಳಿದರು. ತಲೆ ಭಾರ, ಕಣ್ಣು ಮಂಜು, ಮುಖದಲ್ಲಿ ನಾಚಿಕೆ. ಮಾವ ಮತ್ತೆ ಗೋಡೆ ನೋಡತೊಡಗಿದರು. ಸೆರಗಿನ ಕಡಲೆ ಎಲ್ಲಿ ಹೋಯಿತೆಂದು ಗುರುಬಾಯಿಯನ್ನು ಯಾರೋ ಕೇಳಿದರು, ಅವಳಿಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟು ಬಂದು ಬಿದ್ದದ್ದು ನನ್ನ ಮೇಲೆ.

"ಎಲ್ಲಾರೂ ತಿಂದ್ರು. ಬಡಿದಾಕಿ ಯಾಕ ತಿನ್ನಲಿಲ್ಲ?" ಎಂದಳು. "ಗಂಡನ್ನ ಕೈಯಾಗ ಇಟಗೊಳ್ಳಾಕ ಮದ್ದ ಹಾಕ್ಯಾಳ. ಅಳತಿ ಗೊತ್ತಾಗಿಲ್ಲ, ಓಣಿಗೆಲ್ಲಾ ಹತ್ತೇತಿ."

ಹೊಸ ಸೊಸೆ, ಗಂಡ, ಮದ್ದು. ಇದಕ್ಕಿಂತ ಬೇಗ ಜನ ನಂಬುವ ಮಾತು ನಮ್ಮ ಕಡೆ ಇನ್ನೊಂದಿಲ್ಲ. ಸಂಜೆಯೊಳಗೆ ಓಣಿಯವರು ನಮ್ಮ ಬಾವಿಯ ನೀರಿಗೆ ಬರುವುದನ್ನೂ ಬಿಟ್ಟರು. ಮೋಟಾರಿನ ಡ್ರೈವರನ ಕೈಯಲ್ಲಿ ಓಣಿಯ ಹಿರಿಯರು ಬಾಡಗಂಡಿಗೆ ಸುದ್ದಿ ಕಳಿಸಿದರು, ಬಂದು ಮಗಳನ್ನು ಕರೆದುಕೊಂಡು ಹೋಗಿ ಎಂದು. ಹಾಗೆ ಹೋದವಳು ತಿರುಗಿ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡ ಕೆಳಗೆ ನೋಡುತ್ತ ನಿಂತಿದ್ದ. ಇಲ್ಲದ ಎಳೆಗೆ ಗಂಟು ಹಾಕಿದವನಿಗೆ ಒಂದು ಮಾತು ಆಡಲು ಆಗಲಿಲ್ಲ. ಅವನು ತೀರಿಕೊಂಡು ಹದಿನೈದು ವರ್ಷವಾಯಿತು, ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಮರುದಿನ ಅಪ್ಪ ಬಂದ. ಅಂಗಳದಲ್ಲಿ ಓಣಿಯ ಹಿರಿಯರು ಕೂತರು, ಕೃಷ್ಣಾಜಿಪಂತರೂ ಬಂದರು. ನಾನು ಬಟ್ಟೆಯ ಗಂಟು ಕಟ್ಟಿಕೊಂಡು ಬಾಗಿಲ ಹಿಂದೆ ನಿಂತಿದ್ದೆ.

"ಇದು ಮದಗುಣಕಿ, ಅಂದ್ರ ದತ್ತೂರಿ ಬೀಜದ ಅಮಲು" ಎಂದರು ಪಂತರು. "ಈಶ್ವರಗ ಹೂ ಏರಸ್ತೀರಲ್ಲ, ಅದ ಗಿಡ. ಆದ್ರ ಕಾಳಿನೊಳಗ ಕೂಡಿ ಬಂದದೋ, ಯಾರರೆ ಬೇಕಂತ ಹಾಕ್ಯಾರೋ, ಅದನ್ನ ನಾ ಹ್ಯಾಂಗ ಹೇಳಲಿ?"

ಅತ್ತೆ ಎದ್ದು ಒಳಗೆ ಹೋದಳು. ಉಳಿದಿದ್ದ ಅರ್ಧ ಚೀಲ ಸಜ್ಜೆಯನ್ನು ಎಳೆದುಕೊಂಡು ಬಂದಳು, ಗೂಟದಿಂದ ಮೊರ ತಂದಳು. ಅಂಗಳದ ನಡುವೆ ಕೂತು ನಾಲ್ಕು ಸಲ ಕೇರಿದಳು, ಐದನೆಯ ಸಲ ಮೊರ ನಿಲ್ಲಿಸಿ ಹಿರಿಯರ ಮುಂದೆ ಇಟ್ಟಳು. ಸಣ್ಣ ಬೂದು ಸಜ್ಜೆಯ ಪಕ್ಕದಲ್ಲಿ ಚಪ್ಪಟೆಯಾದ ಕಂದು ಬೀಜಗಳು ಗುಂಪಾಗಿ ನಿಂತಿದ್ದವು, ಮೆಣಸಿನಕಾಯಿಯ ಬೀಜದ ಹಾಗೆ. ಪಂತರು ಎರಡು ಬೀಜ ಅಂಗೈಗೆ ತೆಗೆದುಕೊಂಡು ತಲೆಯಾಡಿಸಿದರು.

ನನ್ನ ಎದೆ ಹಗುರಾಯಿತು. ಮರುಕ್ಷಣವೇ ಕಲ್ಲು ಬಿದ್ದ ಹಾಗಾಯಿತು. ಮೂರು ಸಲ ಕೇರಿ ಕಳಿಸಿದ ಕಾಳು ಎಂದು ಹೇಳಿದವಳು ನಾನು! ಮೂರು ಸಲ ಕೇರಿದ ಕಾಳಿನಲ್ಲಿ ಇಷ್ಟು ವಿಷ ಇದ್ದರೆ, ಕೇರಿದವರು ಬೇಕೆಂದೇ ಬಿಟ್ಟರು, ಇಲ್ಲವೇ ತಂದವಳು ದಾರಿಯಲ್ಲಿ ಬೆರೆಸಿದಳು. ಇಲ್ಲ, ಕೇರಿಯೇ ಇರಲಿಲ್ಲ ಎಂದರೆ ನಾನು ಅತ್ತೆಯ ಮುಖಕ್ಕೆ ಸುಳ್ಳು ಹೇಳಿ ಓಣಿಗೆ ವಿಷ ತಿನ್ನಿಸಿದವಳು. ಎರಡರಲ್ಲಿ ಯಾವುದಾದರೂ ಮೋಟಾರು ಬಾಡಗಂಡಿಗೇ. ಗುರುಬಾಯಿ ಆಗಲೇ ಬಾಯಿ ತೆರೆದಿದ್ದಳು. ಅಂದು ಕಟ್ಟೆಯ ಮೇಲೆ ಕೂತು ನನ್ನ ಮಾತು ಕೇಳಿದವಳು ಅವಳೇ.

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿದಳು. ಕಾಳು ನೋಡುವ ಕಣ್ಣಿನಿಂದಲೇ ನನ್ನನ್ನು ನೋಡಿದಳು. ಆಮೇಲೆ ನಮ್ಮಪ್ಪನ ಕಡೆ ತಿರುಗಿದಳು.

"ಬೀಗರ, ಹೊಲದಾಗ ಬೆಳದ ಕಾಳಿನ್ಯಾಗ ಕಸಾ ಇರೂದ. ಅದನ್ನ ತಗಿಯಾಕ ನಾ ಇದ್ನಿ. ಹುಡುಗಿ ಹಸನ ಮಾಡೇತಿ ಅಂದ್ಳು, ಆದ್ರ ನಾ ಯಾರ ಮಾತ ಕೇಳಾಕಿ? ಒಳಗ ಒಯ್ದು ಮತ್ತ ನಾನ ಕೇರಿದ್ನಿ. ನನ್ನ ಕಣ್ಣಿಗೆ ತಪ್ಪೇತಿ."

"ನಿನ್ನ ಕಣ್ಣಿಗಾ? ಇಷ್ಟೊಂದಾ?" ಎಂದಳು ಗುರುಬಾಯಿ.

"ವರ್ಷಾತು, ಕಣ್ಣಿಗೆ ಮಬ್ಬ ಬಂದೇತಿ. ನಾಚಿಕಿಗೆ ಯಾರಿಗೂ ಹೇಳಿಲ್ಲ."

ನಾನು ಹೊಸ್ತಿಲು ದಾಟಿ, "ಅತ್ತಿ, ಇಲ್ರಿ" ಎಂದು ಬಾಯಿ ತೆರೆದೆ. "ಗಂಟ ಬಿಚ್ಚಿ ಒಲಿ ಹಚ್ಚ ನಡಿ. ಬೀಗರಿಗೆ ಚಾ ಆಗಿಲ್ಲ" ಎಂದು ಗದರಿಸಿದಳು. ನಾನು ಹೋಗಿ ಒಲೆ ಹಚ್ಚಿದೆ. ಹೊಗೆಯೋ ಹೊಗೆ. ಆ ಹೊಗೆ ಇದ್ದದ್ದು ಒಳ್ಳೆಯದಾಯಿತು, ಬೇಕಾದಷ್ಟು ಕಣ್ಣೀರು ಹಾಕಿದೆ.

ಎಲ್ಲರೂ ಹೋದ ಮೇಲೆ ಅವಳ ಕಾಲು ಹಿಡಿಯಲು ಹೋದೆ. ಕಾಲು ಹಿಂದಕ್ಕೆ ಎಳೆದುಕೊಂಡಳು.

"ನಿನ್ನ ಸುಳ್ಳು ಅರ್ಧ, ನಾ ಬೀಗರಿಗೆ ಕೊಟ್ಟ ಮರ್ಯಾದಿ ಅರ್ಧ. ಎರಡೂ ಕೂಡಿ ನಿಮ್ಮ ಮಾವನ್ನ ಒಣ ಅಂಗಳದಾಗ ಈಸಾಕ ಹಚ್ಚಿದ್ವು" ಎಂದಳು. ಹೇಳಿದ ಮೇಲೆ ಅವಳಿಗೇ ತಡೆಯಲಾಗಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡಳು. ನಾನೂ ಒತ್ತಿಕೊಂಡೆ. ಇಬ್ಬರೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು.

"ನಾ ರೊಟ್ಟಿ ಛಲೋ ಬಡೀತೇನಿ ಅಂದಿದ್ರಿ ಅವತ್ತ" ಎಂದೆ.

"ಅದು ಮದಗುಣಕಿ ಮಾತ" ಎಂದು ಎದ್ದುಹೋದಳು.

ಆದರೆ ಆಡಿದ ಸುಳ್ಳನ್ನು ಅವಳು ದಿನವೂ ಹೊರಬೇಕಾಯಿತು. ಬೀದಿಯ ಆಚೆ ಬಿದ್ದ ಸಾಸಿವೆ ಕಾಳು ಕಾಣುವ ಹೆಂಗಸು, ಗುರುಬಾಯಿ ಬಾಗಿಲಿಗೆ ಬಂದರೆ ಕಣ್ಣು ಕಿರಿದು ಮಾಡಿ "ಯಾರದು?" ಎಂದು ಕೇಳುವಳು. ಹೊರಗೆ ನನ್ನ ಕೈಯಲ್ಲಿ ಸೂಜಿಗೆ ದಾರ ಪೋಣಿಸಿಕೊಳ್ಳುವಳು, ಒಳಗೆ ಹೋಗಿ ತಾನೇ ನಾಲ್ಕು ಸೂಜಿ ಪೋಣಿಸಿ ಇಡುವಳು. ಒಮ್ಮೆ ನಟನೆ ಹೆಚ್ಚಾಗಿ ಎದುರು ಮನೆಯ ಅಜ್ಜನನ್ನು ಕಂಬವೆಂದು ಹಿಡಿದು ನಿಂತಳು. ಅಜ್ಜ ಗಾಬರಿಯಾಗಿ ಅಲುಗಾಡದೆ ನಿಂತುಬಿಟ್ಟ. ಆ ದಿನ ನಾವಿಬ್ಬರೂ ಅಡಿಗೆಮನೆಯಲ್ಲಿ ಕದ ಹಾಕಿಕೊಂಡು ನಕ್ಕೆವು.

ನಗು ಮುಗಿದ ಮೇಲೆ ಉಳಿಯುವುದು ಬೇರೆ. ಆ ವೈಶಾಖದಲ್ಲಿ ಓಣಿಯಲ್ಲಿ ಮೂರು ಮದುವೆಯಾದವು. ನಮ್ಮ ಕಟ್ಟೆಗೆ ಒಂದು ಚೀಲವೂ ಬರಲಿಲ್ಲ. ಕಣ್ಣು ಹೋದವಳಿಗೆ ಕಾಳು ಕೊಟ್ಟು ಯಾರು ಮತ್ತೆ ಅಂಗಳದಲ್ಲಿ ಈಜುತ್ತಾರೆ? ಊಟಕ್ಕೆ ಕೂತಾಗ ನನ್ನ ಹಲ್ಲಿಗೆ ಹರಳು ಹತ್ತಿ ಕಟುಕ್ಕೆಂದಿತು. ಪಕ್ಕದಲ್ಲಿದ್ದ ಅತ್ತೆಗೆ ಆ ಸದ್ದು ಕೇಳಿಸಿತು. ಅವಳು ತಲೆ ಎತ್ತದೆ ಉಂಡಳು. ಓಣಿಯವರ ಮುಂದೆ ನಿಂತು ಖರೆ ಹೇಳಿಬಿಡಬೇಕೆಂದು ಎಷ್ಟೋ ಸಲ ಹೊರಟೆ. ಹೊರಟಾಗೆಲ್ಲ ಅವಳೇ ತಡೆದಳು ಎಂದು ಹೇಳಿಕೊಳ್ಳಬಹುದು. ಆದರೆ ನನಗೂ ಭಯವಿತ್ತು, ಆಮೇಲೆ ಮಕ್ಕಳಾದವು, ಆಮೇಲೆ ನಾಚಿಕೆಯಾಯಿತು. ಹೇಳಲೇ ಇಲ್ಲ. ಈಗ ಹೇಳುತ್ತಿದ್ದೇನೆ. ಮುದಕವ್ವನ ಕಣ್ಣು ತಪ್ಪಿರಲಿಲ್ಲ.

ಮನೆಯ ಕಾಳು ಮಾತ್ರ ಕೊನೆಯವರೆಗೂ ಅವಳದೇ. ತವರಿನಿಂದ ಸಜ್ಜೆ ಬಂದಾಗಲೆಲ್ಲ ನಾನು ಚೀಲವನ್ನು ಮೊದಲು ಅವಳ ಮುಂದೆ ಇಡುತ್ತಿದ್ದೆ, ಅವಳೂ ಬೀಗರು ಏನೆಂದುಕೊಂಡಾರು ಎನ್ನದೆ ಮೊರಕ್ಕೆ ಹಾಕುತ್ತಿದ್ದಳು. ಇಪ್ಪತ್ತೆರಡು ವರ್ಷಗಳ ಮೇಲೆ ಅವಳ ಕಣ್ಣಿಗೆ ನಿಜವಾಗಿಯೂ ಪೊರೆ ಬಂತು. ಆಗ ಅದನ್ನು ಅವಳು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಬರೀ ಬೆರಳಿನಿಂದ ತಡಕುತ್ತಿದ್ದದ್ದು ನೋಡಿ ನನಗೆ ತಿಳಿಯಿತು. ಅಂದಿನಿಂದ ಅವಳು ಮಧ್ಯಾಹ್ನ ಮಲಗಿದಾಗ ನಾನು ಹಿತ್ತಲಲ್ಲಿ ಕೂತು ಕಾಳನ್ನೆಲ್ಲ ಮೂರು ಸಲ ಕೇರುತ್ತಿದ್ದೆ. ಆಮೇಲೆ ಒಂದೇ ಒಂದು ಹರಳು ತಿರುಗಿ ಹಾಕುತ್ತಿದ್ದೆ, ಬೆರಳಿಗೆ ಸಿಗುವಷ್ಟು ದೊಡ್ಡದು.

ಅವಳ ಕೊನೆಯ ಭೋಗಿಗೆ ಮೊರ ತುಂಬಿ ಮುಂದೆ ಇಟ್ಟೆ.

"ಹಸನ ಮಾಡೇತೇನ ಇದು?" ಎಂದಳು.

"ಇಲ್ರಿ ಅತ್ತಿ."

ಅವಳು ಕೇರಲಿಲ್ಲ, ತೋಳಿನಲ್ಲಿ ಅಷ್ಟು ಶಕ್ತಿ ಇರಲಿಲ್ಲ. ಬೆರಳಾಡಿಸುತ್ತ ಬಹಳ ಹೊತ್ತು ಕೂತಳು. ಕೊನೆಗೆ ಹರಳು ಸಿಕ್ಕಿತು. ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು. ಮದುವೆಯ ಪಂಕ್ತಿಯ ನಡುವೆ ಅಡ್ಡಾಡುತ್ತಿದ್ದಾಗಿನ ಮುಖ ಮತ್ತೆ ಬಂದಿತ್ತು.

"ಇದೇನಲೇ? ಇಷ್ಟ ದೊಡ್ಡ ಹರಳ ಕಾಣಲಿಲ್ಲೇನ ನಿನಗ?"

"ನನ್ನ ಕಣ್ಣಿಗೆ ತಪ್ಪೇತ್ರಿ, ಅತ್ತಿ" ಎಂದೆ.

ಅವಳು ಹರಳನ್ನು ಅಂಗಳಕ್ಕೆ ಎಸೆದು, ಒದ್ದೆಯಾದ ಕಣ್ಣು ಒರೆಸಿಕೊಂಡು, ರೊಟ್ಟಿ ಬಡಿಯಲು ನನ್ನನ್ನು ಒಳಗೆ ಕಳಿಸಿದಳು.